ಒತ್ತಕ್ಷರಕ್ಕೆ ಜಾಗ ಕೊಟ್ಟ ಪರದೆ

ಕುಕನೂರು, ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ. ಈ ಐದು ಊರುಗಳ ಹೆಸರನ್ನು 1984ರ ಎಂಟು ಬಿಟ್ಟಿನ ಕಂಪ್ಯೂಟರಿನ ಪರದೆಯ ಮೇಲೆ ಕನ್ನಡದಲ್ಲಿ ಮೂಡಿಸಲು ಏನೇನು ಬೇಕಿತ್ತು? ಆಗ ಇವೆಲ್ಲ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1984ನ್ನೇ ಹಿಡಿದುಕೊಳ್ಳಲು ಕಾರಣವಿದೆ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕಳಿಸಿತು. ಅದಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದಿದ್ದ ಬಿಬಿಸಿ ಮೈಕ್ರೋ.

ಅದರ ಮೆಮೊರಿ 32 ಕಿಲೋಬೈಟ್. ಪ್ರೋಗ್ರಾಮಿಗೂ ಪರದೆಯ ಚಿತ್ರಕ್ಕೂ ಇರುವುದು ಅಷ್ಟೇ ಜಾಗ. 6845 ಎಂಬ ಚಿಪ್ಪು ಮೆಮೊರಿಯ ಯಾವ ವಿಳಾಸದಿಂದ ಓದಬೇಕೆಂದು ಲೆಕ್ಕ ಹಾಕುತ್ತದೆ. ಪಕ್ಕದ ವಿಡಿಯೊ ಯುಎಲ್‌ಎ ಎಂಬ ಚಿಪ್ಪು ಹಾಗೆ ಬಂದ ಬೈಟುಗಳನ್ನು ಬಿಡಿಸಿ ಬಣ್ಣದ ಚುಕ್ಕೆಗಳಾಗಿ ಟಿವಿಗೆ ಕಳಿಸುತ್ತದೆ. ಮೆಮೊರಿ ಸೆಕೆಂಡಿಗೆ 40 ಲಕ್ಷ ಸಲ ಉತ್ತರ ಕೊಡಬಲ್ಲದು. ಅದರಲ್ಲಿ ಅರ್ಧ ಸರದಿ 6502 ಪ್ರೊಸೆಸರಿಗೆ, ಉಳಿದರ್ಧ ಪರದೆಗೆ. ಹೀಗಾಗಿ ಚಿತ್ರ ಮೂಡಿಸಲು ಪ್ರೊಸೆಸರ್ ಕೈಕಟ್ಟಿ ಕಾಯಬೇಕಿಲ್ಲ. ಅದೇ ಕಾಲದ ಕಮೊಡೋರ್ 64ರ ವಿಐಸಿ-2 ಚಿಪ್ಪು ಹೆಚ್ಚು ಬಣ್ಣ ತೋರುತ್ತಿತ್ತು, ಆದರೆ ಅಕ್ಷರಸಾಲು ಶುರುವಾದಾಗಲೆಲ್ಲ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿತ್ತು. ಏಕಾರ್ನ್ ಎಂಜಿನಿಯರುಗಳ ಈ ಹಂಚಿಕೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಬಣ್ಣ ಎಷ್ಟು, ಚುಕ್ಕೆ ಎಷ್ಟು ಎಂಬುದರಿಂದಲೇ ಇಂಥ ಚಿಪ್ಪುಗಳನ್ನು ಅಳೆಯುವುದು ರೂಢಿ. ನಮಗೆ ಮುಖ್ಯವಾಗಬೇಕಾದ ಪ್ರಶ್ನೆ ಬೇರೆ: ಅಕ್ಷರದ ಆಕಾರ ಎಲ್ಲಿದೆ? ಬಿಬಿಸಿ ಮೈಕ್ರೋ ಹಚ್ಚಿದ ಕೂಡಲೇ ಬರುವ ಮೋಡ್ 7ರಲ್ಲಿ ಅದು ಎಸ್‌ಎಎ 5050 ಎಂಬ ಟೆಲಿಟೆಕ್ಸ್ಟ್ ಚಿಪ್ಪಿನೊಳಗೆ ಅಚ್ಚೊತ್ತಿ ಕೂತಿದೆ. ಒಂದೇ ಕಿಲೋಬೈಟಿನಲ್ಲಿ ಇಡೀ ಪರದೆ ತುಂಬುತ್ತದೆ, ಅಗ್ಗವೋ ಅಗ್ಗ. ಆದರೆ ಅಲ್ಲಿ ಕನ್ನಡಕ್ಕೆ ಪ್ರವೇಶವೇ ಇಲ್ಲ. ಮಿಕ್ಕ ಏಳು ಮೋಡುಗಳಲ್ಲಿ ಅಕ್ಷರವೂ ಚಿತ್ರವೇ, ಚುಕ್ಕೆ ಚುಕ್ಕೆಯಾಗಿ ಮೆಮೊರಿಯಲ್ಲಿ ಬರೆದದ್ದು. ಕನ್ನಡಕ್ಕೆ ಬಾಗಿಲು ತೆರೆದದ್ದು ಅಲ್ಲಿ.

ವಿಡಿಯು 23 ಎಂಬ ಆಜ್ಞೆಯ ಮುಂದೆ ಅಕ್ಷರದ ಸಂಖ್ಯೆಯನ್ನೂ ಎಂಟು ಅಂಕಿಗಳನ್ನೂ ಕೊಟ್ಟರೆ ಎಂಟಕ್ಕೆಂಟು ಚುಕ್ಕೆಯ ಹೊಸ ಅಕ್ಷರ ಸಿದ್ಧ. 60 ಎಂದರೆ ಆ ಸಾಲಿನ ನಡುವಿನ ನಾಲ್ಕು ಚುಕ್ಕೆ ಹೊತ್ತಿಕೊಳ್ಳುತ್ತವೆ. ಗಂಗಾವತಿಯ ಸೊನ್ನೆಗೆ ಇಷ್ಟು ಸಾಕು. ಆದರೆ ಮೊದಲಿಗೆ ಸಿಗುವುದು 224ರಿಂದ 255ರವರೆಗೆ, ಕೇವಲ 32 ಅಕ್ಷರಗಳಿಗೆ ಜಾಗ. ನಮ್ಮ ವರ್ಣಮಾಲೆಯಲ್ಲೇ 49 ಇವೆ. ಹೆಚ್ಚು ಬೇಕೆಂದರೆ ಪ್ರೋಗ್ರಾಮಿನ ಮೆಮೊರಿಯನ್ನೇ ಕೊಯ್ದು ಕೊಡಬೇಕು.

ಕುಕನೂರಿನಲ್ಲಿ ಒತ್ತಿಲ್ಲ. ‘ನೂ’ ಬಲಕ್ಕೆ ಚಾಚಿಕೊಳ್ಳುತ್ತದೆ, ಎರಡು ಚೌಕ ಕೊಟ್ಟರೆ ಮುಗಿಯಿತು. ತೊಡಕು ಕುಷ್ಟಗಿಯಲ್ಲಿ: ಷಕಾರದ ಕೆಳಗೆ ಟಕಾರದ ಒತ್ತು ಇಳಿಯಬೇಕು. ಕೊಪ್ಪಳದ ‘ಪ್ಪ’ದ್ದೂ ಅದೇ ಕಥೆ. ಯಲಬುರ್ಗಾದಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರಕಾರ ಅರ್ಕಾವೊತ್ತಾಗಿ ‘ಗಾ’ದ ಬಲಕ್ಕೆ ಹೋಗಿ ಕೂರುತ್ತದೆ. ಕುಕನೂರು ತಾಲ್ಲೂಕಿನ ಇಟಗಿಯಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯ ಶಾಸನ ಕೆತ್ತಿದವನಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. ಉಳಿ ಎಲ್ಲಿಗೆ ಬೇಕೋ ಅಲ್ಲಿಗೆ ಇಳಿಯುತ್ತದೆ. ಸಮನಾದ ಚೌಕಗಳ ಪರದೆ ಅಷ್ಟು ಧಾರಾಳಿಯಲ್ಲ.

ಬಿಬಿಸಿ ಮೈಕ್ರೋದಲ್ಲಿ ಇದಕ್ಕೂ ದಾರಿಯಿತ್ತು. ವಿಡಿಯು 5 ಕೊಟ್ಟರೆ ಅಕ್ಷರ ಚೌಕ ಬಿಟ್ಟು ಗ್ರಾಫಿಕ್ಸ್ ಕರ್ಸರ್ ಇರುವಲ್ಲೇ ಮೂಡುತ್ತದೆ, ಹಿಂದಿನದನ್ನು ಅಳಿಸದೆ. ಷಕಾರ ಬರೆದು, ಕರ್ಸರನ್ನು ತುಸು ಕೆಳಗಿಳಿಸಿ, ಒತ್ತನ್ನು ಅದಕ್ಕೇ ತಾಗಿಸಬಹುದು. ಇದಕ್ಕೆ ತೆತ್ತ ಬೆಲೆಯೆಂದರೆ ಬರವಣಿಗೆ ನಿಧಾನವಾಗುತ್ತದೆ, ಪುಟ ತಾನಾಗಿ ಮೇಲೆ ಸರಿಯುವುದಿಲ್ಲ.

ಇಡೀ ಗುಣಿತಾಕ್ಷರಗಳನ್ನೇ ಮೊದಲೇ ಬರೆದಿಟ್ಟರೆ? 34 ವ್ಯಂಜನಗಳಿಗೆ 13 ಸ್ವರಗಳಂತೆ 442 ಆಕಾರ. ಓದಲು ಹಿತವಾಗಿರಲೆಂದು ಹದಿನಾರಕ್ಕೆ ಹದಿನಾರು ಚುಕ್ಕೆ ಕೊಟ್ಟರೆ ಒಂದೊಂದಕ್ಕೆ 32 ಬೈಟು, ಒಟ್ಟು 14,144. ಎರಡು ಬಣ್ಣದ, 320ಕ್ಕೆ 256 ಚುಕ್ಕೆಯ ಮೋಡ್ 4 ಪರದೆಗೇ 10 ಕಿಲೋಬೈಟ್ ನುಂಗುತ್ತದೆ. ಯಂತ್ರದ ಸ್ವಂತ ಬಳಕೆ ಕಳೆದು ಉಳಿಯುವುದು ಹೆಚ್ಚೆಂದರೆ 18.5. ಒತ್ತಕ್ಷರ ಇನ್ನೂ ಬಂದೇ ಇಲ್ಲ, ಆಗಲೇ ಪ್ರೋಗ್ರಾಮಿಗೆ ಐದು ಕಿಲೋಬೈಟೂ ಇಲ್ಲ! 640 ಚುಕ್ಕೆ ಅಗಲದ ಮೋಡ್ 0ರಲ್ಲಿ ಪರದೆಗೇ 20 ಬೇಕು. ಅಲ್ಲಿ ಈ ಆಕಾರಗಳು ಹಿಡಿಸುವುದೇ ಇಲ್ಲ. ಆದ್ದರಿಂದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬಿಡಿ ತುಂಡುಗಳಾಗಿಟ್ಟು, ಬರೆಯುವ ಹೊತ್ತಿಗೆ ಜೋಡಿಸುವುದೊಂದೇ ಸಾಧ್ಯವಿದ್ದ ಮಾರ್ಗ.

ಭಾರತೀಯ ಲಿಪಿಗಳು ಮುಂದೆ ಹಿಡಿದದ್ದೂ ಜೋಡಣೆಯ ಹಾದಿಯನ್ನೇ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, 1991ರ ಇಸ್ಕಿ ಸಂಕೇತ, ಈಗಿನ ಯೂನಿಕೋಡ್, ಇವೆಲ್ಲದರಲ್ಲೂ ‘ಷ್ಟ’ ಎಂಬುದಕ್ಕೆ ಸ್ವಂತ ಸಂಖ್ಯೆಯಿಲ್ಲ. ಷ, ವಿರಾಮ, ಟ ಎಂದು ಮೂರು ಸಂಕೇತ ಸಾಲಾಗಿ ಬರುತ್ತವೆ. ಒತ್ತನ್ನು ಎಲ್ಲಿ ಕೂರಿಸಬೇಕೆಂಬ ತೀರ್ಮಾನ ಪರದೆಗೆ ಬರೆಯುವ ಹೊತ್ತಿನದು.