ಒಂದು ಬಾವಿ, ಹಲವು ಕವಲು

ದೇವನಹಳ್ಳಿ, ಹೊಸಕೋಟೆಗಳ ಕಡೆ ಸಂಚರಿಸಿದ ವಾಚಕರು ಹಳೆಯ ತೆರೆದ ಬಾವಿಗಳನ್ನು ಕಂಡೇ ಇರುವರು. ಅಂಥ ಬಾವಿಯ ಒರತೆ ಕುಗ್ಗಿದಾಗ ಅದರ ಪಕ್ಕದ ಬಂಡೆಯಲ್ಲಿ ಅಡ್ಡಲಾಗಿ ರಂಧ್ರಗಳನ್ನು ಕೊರೆಯಿಸುವ ಉಪಾಯವೊಂದುಂಟು. ಇದನ್ನು ಅಡ್ಡಬೋರು ಎನ್ನಬಹುದು. ಇದರಿಂದ ನೀರು ಹೆಚ್ಚುವುದೇಕೆ?

ಈ ಸೀಮೆಯ ನೆಲದಡಿಯಲ್ಲಿರುವುದು ನೈಸ್ ಎಂಬ ಪುರಾತನ ಶಿಲೆ. ಮೇಲಿನ ಶಿಥಿಲ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ಅಲ್ಲಿ ನೀರು ನಿಲ್ಲುತ್ತದೆ. ಈ ಬಿರುಕುಗಳಲ್ಲಿ ಹಲವು ನೆಟ್ಟಗೆ ನಿಂತಿರುತ್ತವೆ. ಕೊಳವೆಬಾವಿಯೂ ನೆಟ್ಟಗೆ ಇಳಿದರೆ ಅವುಗಳ ಮಗ್ಗುಲಲ್ಲಿಯೇ ಸಾಗಿ, ಒಂದನ್ನೂ ಸಂಧಿಸದೆ ಹೋಗಬಹುದು. ಅಡ್ಡ ರಂಧ್ರವಾದರೋ ಹಲವು ಬಿರುಕುಗಳನ್ನು ಹಾಯ್ದು ಹೋಗುವ ಸಂಭವ ಹೆಚ್ಚು.

ಕಲ್ಲೆಣ್ಣೆಯ ಬಾವಿಗಳಲ್ಲಿಯೂ ಇದೇ ತತ್ತ್ವ. ಎಣ್ಣೆಯ ಪದರ 30 ಅಡಿ ದಪ್ಪವಿದ್ದರೆ ನೆಟ್ಟನೆಯ ಬಾವಿಗೆ ಅದರ ಸಂಪರ್ಕ 30 ಅಡಿ ಮಾತ್ರ. ಪದರದೊಳಗೆ ಅಡ್ಡಲಾಗಿ ಸಾಗಿದರೆ ಸಾವಿರಾರು ಅಡಿ. 1953ರಲ್ಲಿ ಸೋವಿಯತ್ ಇಂಜಿನಿಯರ್ ಅಲೆಕ್ಸಾಂಡರ್ ಗ್ರಿಗೋರ್ಯಾನ್ ಬಷ್ಕೀರಿಯದಲ್ಲಿ ಒಂದೇ ಬಾವಿಯಿಂದ 9 ಕವಲುಗಳನ್ನು ಕೊರೆಯಿಸಿದರು. ಖರ್ಚು ಸುಮಾರು ಒಂದೂವರೆ ಪಟ್ಟಾಯಿತು; ಎಣ್ಣೆಯ ಇಳುವರಿಯಾದರೋ ನೆರೆಯ ಬಾವಿಗಳ 17 ಪಟ್ಟು! ಆತ ಬಳಸಿದ ಯಂತ್ರದಲ್ಲಿ ಇಡೀ ಕೊಳವೆ ತಿರುಗುತ್ತಿರಲಿಲ್ಲ. ಮೇಲಿನಿಂದ ಒತ್ತಿ ಬಿಟ್ಟ ದ್ರವದ ರಭಸಕ್ಕೆ ಕೊರೆಯುವ ತುದಿಯೊಂದೇ ತಿರುಗುತ್ತಿತ್ತು. ಆದುದರಿಂದಲೇ ರಂಧ್ರವನ್ನು ಬಾಗಿಸುವುದು ಸುಲಭವಾಯಿತು.

ಕೊರೆದ ಮಾತ್ರಕ್ಕೆ ಕೆಲಸ ಮುಗಿಯದು. ಮುಖ್ಯ ಬಾವಿಗೆ ಉಕ್ಕಿನ ಕೊಳವೆಯನ್ನಿಳಿಸಿ, ಅದರ ಸುತ್ತ ಸಿಮೆಂಟು ತುಂಬುವರು. ಕವಲೊಡೆಯಬೇಕಾದೆಡೆ ಓರೆಯಾದ ಉಕ್ಕಿನ ಬೆಣೆಯೊಂದನ್ನು ನಿಲ್ಲಿಸಿದರೆ, ಅದರ ಮೇಲೆ ಜಾರಿದ ಉಪಕರಣವು ಕೊಳವೆಯ ಗೋಡೆಯಲ್ಲಿ ಕಿಂಡಿ ತೆರೆದು ಪಕ್ಕಕ್ಕೆ ಸಾಗುವುದು. ಶಿಲೆ ಗಟ್ಟಿಯಾಗಿದ್ದರೆ ಕವಲನ್ನು ಹಾಗೆಯೇ ಬಿಡುವುದುಂಟು. ಸಡಿಲವಾಗಿದ್ದರೆ ಸೀಳುಗಳುಳ್ಳ ಕೊಳವೆಯನ್ನು ಒಳಗಿರಿಸಬೇಕು. ಕವಲು ಕೂಡುವ ಸಂಧಿಯೇ ದುರ್ಬಲ ಸ್ಥಾನ. ಅಲ್ಲಿ ಮಣ್ಣು ಕುಸಿದರೆ ಕವಲೇ ಕೈಬಿಟ್ಟಂತೆ.

ಆದರೆ ನಾವು ಒಂದು ಮಾತನ್ನು ಮರೆಯಲಾಗದು. ಕವಲುಗಳು ಎಣ್ಣೆಯನ್ನಾಗಲಿ ನೀರನ್ನಾಗಲಿ ಸೃಷ್ಟಿಸುವುದಿಲ್ಲ. ಇದ್ದುದನ್ನು ಬೇಗನೆ ಹೊರತರುತ್ತವೆ, ಅಷ್ಟೆ. ಎಣ್ಣೆ ತೆಗೆಯುವವರು ಬರಿದಾದ ನೆಲವನ್ನು ತೊರೆದು ಬೇರೆಡೆಗೆ ಹೋಗಬಲ್ಲರು; ದೊಡ್ಡಬಳ್ಳಾಪುರದ ರೈತನು ತನ್ನ ಹೊಲವನ್ನು ಹೊತ್ತು ಹೋಗಲಾರನು. ಅವನ ಅಡ್ಡಬೋರು ತಲುಪಿದ ಬಿರುಕು ನೆರೆಯವನ ಬಾವಿಗೂ ಆಧಾರವಾಗಿರಬಹುದು. ಸಾಲ ಮಾಡಿ ಕೊರೆಯಿಸಿದ ಹೊಸ ಕವಲು ಹಳೆಯ ನೀರನ್ನೇ ಹಂಚಿಕೊಂಡರೆ ಇಬ್ಬರಿಗೂ ನಷ್ಟ. ಅಂತರ್ಜಲದ ಇತ್ತೀಚಿನ ಅಂದಾಜುಗಳು ನೆಲಮಂಗಲವೂ ಸೇರಿ ಈ ನಾಲ್ಕೂ ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಯಲ್ಲಿಟ್ಟಿವೆ. ಕಲ್ಲೆಣ್ಣೆ ಕೂಡಿಬರಲು ಕೋಟ್ಯಂತರ ವರ್ಷ ಬೇಕು. ನೀರಿನ ಬಿರುಕನ್ನಾದರೋ ಮಳೆಗಾಲವು ಮತ್ತೆ ತುಂಬಬಲ್ಲದು. ಆ ಮಳೆಯು ಹರಿದುಹೋಗದಂತೆ ತಡೆದು ನಿಲ್ಲಿಸುವುದು ಊರ ಕೆರೆ. ಕೊರೆಯುವ ಯಂತ್ರವನ್ನು ಕರೆಸುವ ಮುನ್ನ ಕೆರೆಯ ಹೂಳಿನ ಕಡೆಗೂ ನಾವು ದೃಷ್ಟಿ ಹಾಯಿಸಬೇಕು.