ಸಿಮೆಂಟು ಕೈಗೆ ಒಗ್ಗದಿರುವುದು ಏಕೆ?

ಕಲಬುರಗಿ: ಸುಣ್ಣದಕಲ್ಲಿನ ನೆಲವಾದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದಲ್ಲಿ ಸಿಮೆಂಟು ಮತ್ತು ಫರ್ಸಿ ಕಲ್ಲು ಸಾವಿರಾರು ಕುಟುಂಬಗಳಿಗೆ ಅನ್ನ ನೀಡುತ್ತಿವೆ. ಇಲ್ಲಿ ಕೆಮ್ಮು, ಸೀನು, ತುರಿಕೆ ಯಾವುದೇ ಬಂದರೂ ಜನರ ಬಾಯಲ್ಲಿ ಅದಕ್ಕಿರುವ ಹೆಸರು 'ಧೂಳಿನ ಅಲರ್ಜಿ'. ಆದರೆ ಇವೆಲ್ಲವೂ ಅಲರ್ಜಿಯಲ್ಲ.

ಹಸಿ ಸಿಮೆಂಟು ತೀವ್ರ ಕ್ಷಾರಗುಣ ಹೊಂದಿದೆ. ಹೆಚ್ಚು ಹೊತ್ತು ತಾಗಿದರೆ ಯಾರ ಚರ್ಮವಾದರೂ ಬಿರಿದು ಸುಡುತ್ತದೆ. ಇದು ಉರಿತವೇ ಹೊರತು ಅಲರ್ಜಿಯಲ್ಲ. ಕಲ್ಲಿನ ಧೂಳಿನಿಂದ ಬರುವ ಕೆಮ್ಮಿಗೂ ಬಹುಮಟ್ಟಿಗೆ ಇದೇ ಮಾತು ಅನ್ವಯಿಸುತ್ತದೆ.

1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಬಳಕೆಗೆ ತಂದರು. ಬೇರೆಯವರಿಗೆ ಏನೂ ಮಾಡದ ಅಲ್ಪ ಪ್ರಮಾಣದ ವಸ್ತುವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಭಾವಿಸಿ ಹೋರಾಡುವುದೇ ಅಲರ್ಜಿ. ಸಿಮೆಂಟಿನಲ್ಲಿ ಆ ವಸ್ತು ಷಡ್ವೇಲೆನ್ಸಿ ಕ್ರೋಮಿಯಂ. ಕಚ್ಚಾ ವಸ್ತುಗಳಲ್ಲಿರುವ ಕ್ರೋಮಿಯಂನ ಒಂದಂಶ ಕುಲುಮೆಯ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈ ರೂಪ ತಾಳುತ್ತದೆ. ನೀರು ಬೆರೆಸಿದಾಗ ಕರಗಿ, ಬಿರಿದ ಚರ್ಮದ ಮೂಲಕ ಒಳಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕಣಗಳು ಇದನ್ನು ದುಗ್ಧಗ್ರಂಥಿಗೆ ಒಯ್ದು 'ಟಿ' ಕಣಗಳಿಗೆ ಪರಿಚಯಿಸುತ್ತವೆ. ಆ ಕಣಗಳು ಅದನ್ನು ಮರೆಯುವುದಿಲ್ಲ.

ಆದ್ದರಿಂದಲೇ ಹಲವು ವರ್ಷ ತೊಂದರೆಯಿಲ್ಲದೆ ದುಡಿದ ಗೌಂಡಿಗೆ ಒಂದು ದಿನ ಇದ್ದಕ್ಕಿದ್ದಂತೆ ಇಸಬು ಕಾಣಿಸಿಕೊಳ್ಳಬಹುದು. ಅನಂತರ ಸ್ವಲ್ಪ ಸಿಮೆಂಟು ತಾಗಿದರೂ ಒಂದೆರಡು ದಿನಗಳಲ್ಲಿ ದದ್ದು, ನೀರುಗುಳ್ಳೆ ಏಳುತ್ತವೆ. ಕ್ರೋಮಿಯಂ ಬಳಸಿ ಹದ ಮಾಡಿದ ಚರ್ಮದ ಚಪ್ಪಲಿಯೂ ಕಾಲಿಗೆ ಒಗ್ಗದೆ ಹೋಗಬಹುದು. ಅನೇಕರಿಗೆ ಈ ಅಲರ್ಜಿ ಜೀವನಪರ್ಯಂತ ಉಳಿಯುವುದರಿಂದ ಕಸುಬನ್ನೇ ಬಿಡಬೇಕಾದ ಸ್ಥಿತಿ ಬರುತ್ತದೆ.

ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ ಕೂಡ ಇದೇ ಬಗೆಯ ಅಲರ್ಜಿ ತರುತ್ತದೆ. ಅದು ಗಾಳಿಯಲ್ಲಿ ಹರಡುವುದರಿಂದ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಹೆಚ್ಚು. ಸಿಮೆಂಟಿನದು ಸಾಮಾನ್ಯವಾಗಿ ಕೈಗಳಿಂದ ಆರಂಭವಾಗುತ್ತದೆ. ಯಾವುದೆಂಬುದನ್ನು ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸುವ 'ಪ್ಯಾಚ್ ಟೆಸ್ಟ್' ಮೂಲಕ ಪತ್ತೆ ಹಚ್ಚುತ್ತಾರೆ. 48 ಗಂಟೆಗಳ ಬಳಿಕ ಪಟ್ಟಿ ತೆಗೆದು ಚರ್ಮವನ್ನು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಇದನ್ನು ತಡೆಯುವ ದಾರಿ ಇದೆ. ಫೆರಸ್ ಸಲ್ಫೇಟ್ ಬೆರೆಸಿದರೆ ಈ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ. ಡೆನ್ಮಾರ್ಕ್ 1980ರ ದಶಕದಲ್ಲೇ ಈ ಕ್ರಮ ಕೈಗೊಂಡಿತು. ಐರೋಪ್ಯ ಒಕ್ಕೂಟ 2005ರಿಂದ ಹತ್ತು ಲಕ್ಷ ಭಾಗಕ್ಕೆ 2 ಭಾಗದ ಮಿತಿ ಹೇರಿದೆ.

ಕಾರ್ಮಿಕರು ನೀರು ಒಳನುಗ್ಗದ ಕೈಗವಸು ಧರಿಸುವುದು, ಕೈಗೆ ತಾಗಿದ ಸಿಮೆಂಟನ್ನು ಕೂಡಲೇ ಶುದ್ಧ ನೀರಿನಿಂದ ತೊಳೆಯುವುದು ಅಗತ್ಯ. ಕೈಗವಸಿನೊಳಗೆ ಹಸಿ ಸಿಮೆಂಟು ಸೇರಿದರೆ ಹಾನಿ ಇನ್ನೂ ಹೆಚ್ಚು. ಚರ್ಮ ಬಿರಿದಾಗಲೇ ಎಚ್ಚೆತ್ತುಕೊಂಡರೆ ಕಸುಬೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.