ಅರ್ಜಿಯೊಡನೆ ಕಳುಹಿಸಿದ ಫೈಲು ಕಚೇರಿಗೆ ಮುಟ್ಟುವ ಬಗೆ

ಮಳೆಗಾಲ ಜೋರಾದರೆ ತೋಟದಲ್ಲಿ ಕೊಳೆರೋಗ. ಅದರ ಬೆನ್ನಿಗೇ ಅರ್ಜಿಗಳ ಕಾಲ. ಪಿರಿಯಾಪಟ್ಟಣ, ಹುಣಸೂರು, ಕುಶಾಲನಗರದ ಕಡೆಯ ಸದಸ್ಯರು ಪಹಣಿ, ಪಾಸ್‌ಬುಕ್ಕಿನ ಪ್ರತಿ, ಉದುರಿದ ಅಡಿಕೆಯ ಫೋಟೋ ಹಿಡಿದು ಮೈಸೂರಿನ ಬಸ್ಸು ಹತ್ತುವ ಅಗತ್ಯ ಈಗ ಬಹುಮಟ್ಟಿಗೆ ತಪ್ಪಿದೆ. ಮೊಬೈಲಿನಲ್ಲೇ ನಮೂನೆ ತುಂಬಿ, ಫೈಲು ಸೇರಿಸಿ, ಗುಂಡಿ ಒತ್ತಿದರೆ ಅದು ಇ-ಮೇಲಿನ ಲಗತ್ತಾಗಿ ಕಚೇರಿಗೆ ಬರುವಂತೆ ಏರ್ಪಾಡು ಮಾಡುವುದುಂಟು. ಆದರೆ ಪರದೆಯ ಮೇಲೆ ‘ಕಳುಹಿಸಲಾಗಿದೆ’ ಎಂದು ಬಂದ ಮಾತ್ರಕ್ಕೆ ಕಾಗದ ಗುಮಾಸ್ತರ ಮೇಜಿಗೆ ಬಂತೆಂದು ತಿಳಿಯಬಾರದು. ಕೊನೆಯ ದಿನಾಂಕ ದಾಟಿದ ಮೇಲೆ ಫೋಟೋ ಮುಟ್ಟಿಲ್ಲವೆಂದು ಗೊತ್ತಾದರೆ ಆ ವರ್ಷದ ಪರಿಹಾರವೇ ಕೈತಪ್ಪಬಹುದು. ಆದಕಾರಣ ಫೈಲು ಸಾಗುವ ದಾರಿಯನ್ನು ಬೆಳೆಗಾರರೂ ಸ್ವಲ್ಪ ಅರಿತಿರುವುದು ಒಳ್ಳೆಯದು.

ಇಲ್ಲಿ ಪ್ರಯಾಣ ಒಂದಲ್ಲ, ಎರಡು. ಮೊದಲನೆಯದು ಮೊಬೈಲಿನಿಂದ ಜಾಲತಾಣದ ಸರ್ವರಿಗೆ. ಎರಡನೆಯದು ಸರ್ವರಿನಿಂದ ಕಚೇರಿಯ ಇ-ಮೇಲಿಗೆ. ತೋಟದಿಂದ ರಸ್ತೆಯವರೆಗೆ ಜೀಪು, ರಸ್ತೆಯಿಂದ ಕ್ಯೂರಿಂಗ್ ವರ್ಕ್ಸಿಗೆ ಲಾರಿ ಇದ್ದಂತೆ. ಚೀಲ ಕಾಣೆಯಾದರೆ ನಾವು ಮೊದಲು ವಿಚಾರಿಸುವುದು ಇಳಿಸಿ ಏರಿಸಿದ ಜಾಗದಲ್ಲಿ ತಾನೇ?

ನಮೂನೆಯ ಮೂಲಕ ಫೈಲು ಕಳುಹಿಸುವ ಪದ್ಧತಿಯನ್ನು 1995ರಲ್ಲಿ ಜೆರಾಕ್ಸ್ ಕಂಪನಿಯ ನೆಬೆಲ್ ಮತ್ತು ಮಾಸಿಂಟರ್ ಎಂಬಿಬ್ಬರು ಬರೆದಿಟ್ಟರು. ಅದರಂತೆ ನಮ್ಮ ಉತ್ತರಗಳೂ ಫೈಲುಗಳೂ ನಡುನಡುವೆ ಗುರುತಿನ ಗೆರೆ ಹಾಕಿಕೊಂಡು ಒಂದೇ ಮೂಟೆಯಲ್ಲಿ ಹೊರಡುತ್ತವೆ. ಈ ಪದ್ಧತಿಯನ್ನು ನಮೂನೆಯಲ್ಲಿ ನಮೂದಿಸಲು ತಯಾರಕರು ಮರೆತರೆ ಫೈಲಿನ ಹೆಸರು ಮಾತ್ರ ಹೋಗುತ್ತದೆ, ಫೈಲು ಮೊಬೈಲಿನಲ್ಲೇ ಉಳಿಯುತ್ತದೆ. ‘ಲಗತ್ತು: ಪಹಣಿ’ ಎಂದು ಬರೆದು ಪಹಣಿಯನ್ನೇ ಲಕೋಟೆಗೆ ಹಾಕದ ಹಾಗೆ.

ಸರ್ವರಿಗೆ ಬಂದ ಫೈಲು ಒಂದು ತಾತ್ಕಾಲಿಕ ಜಾಗದಲ್ಲಿ ಇಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಪಿ.ಎಚ್.ಪಿ. ಭಾಷೆಯಲ್ಲಿ, ಬೇರೆ ಕಡೆ ಎತ್ತಿಡದಿದ್ದರೆ, ಆ ಹೊತ್ತಿನ ಕೆಲಸ ಮುಗಿಯುತ್ತಲೇ ಅದು ಅಳಿಸಿಹೋಗುತ್ತದೆ. ಯಾರೂ ಬದಲಾಯಿಸದಿದ್ದರೆ ಅಲ್ಲಿನ ಮಿತಿ ಒಂದು ಫೈಲಿಗೆ 2 ಎಂ.ಬಿ., ಇಡೀ ಅರ್ಜಿಗೆ 8 ಎಂ.ಬಿ. ಇಂದಿನ ಮೊಬೈಲಿನ ಒಂದು ಫೋಟೋವೇ 3-4 ಎಂ.ಬಿ. ಇರುವುದು ಸಾಮಾನ್ಯ. ಒಟ್ಟು ಮಿತಿ ಮೀರಿದರೆ ಫೋಟೋ ಮಾತ್ರವಲ್ಲ, ಹೆಸರು, ಸರ್ವೆ ನಂಬರು ಎಲ್ಲವೂ ಪ್ರೋಗ್ರಾಮಿಗೆ ಖಾಲಿಯಾಗಿ ಕಾಣುತ್ತವೆ. ಉದಾಸೀನದಿಂದ ಬರೆದ ಪ್ರೋಗ್ರಾಮು ಆ ಖಾಲಿಯನ್ನೇ ಕಚೇರಿಗೆ ಕಳುಹಿಸಿ, ಬೆಳೆಗಾರನಿಗೆ ಧನ್ಯವಾದವನ್ನೂ ಅರ್ಪಿಸಿಬಿಡುತ್ತದೆ!

ಎರಡನೆಯ ಪ್ರಯಾಣದಲ್ಲಿ ತೂಕದ ಲೆಕ್ಕವೇ ಬೇರೆ. ಇ-ಮೇಲ್ ಮೊದಲಿಗೆ ಬರಿಯ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು ಹುಟ್ಟಿದ್ದು. 1992ರಲ್ಲಿ ಬೊರೆನ್‌ಸ್ಟೈನ್ ಮತ್ತು ಫ್ರೀಡ್ ರೂಪಿಸಿದ ‘ಮೈಮ್’ ನಿಯಮವು ಚಿತ್ರವನ್ನೂ ಅಕ್ಷರಗಳ ವೇಷದಲ್ಲಿ ಕಳುಹಿಸುವ ದಾರಿ ಮಾಡಿತು. ಫೈಲಿನ ಪ್ರತಿ 3 ಬೈಟುಗಳು 4 ಅಕ್ಷರಗಳಾಗುವುದರಿಂದ ಭಾರ ಮೂರನೇ ಒಂದು ಪಾಲಿನಷ್ಟು ಏರುತ್ತದೆ. 4 ಎಂ.ಬಿ.ಯ 5 ಫೋಟೋ ಸೇರಿ 20 ಆದರೆ, ದಾರಿಯಲ್ಲಿ ಅದೇ 27ರ ಹತ್ತಿರ. 25 ಎಂ.ಬಿ. ಮಿತಿಯಿಟ್ಟುಕೊಂಡ ಸರ್ವರು ಅದನ್ನು ಬಾಗಿಲಿನಿಂದಲೇ ಹಿಂದಿರುಗಿಸುತ್ತದೆ. ಹಿಂದಿರುಗಿದ್ದು ಯಾರೂ ತೆರೆಯದ ವಿಳಾಸಕ್ಕೆ ಹೋದರೆ ಕೇಳುವವರೇ ಇಲ್ಲ.

ಇನ್ನೊಂದು ತೊಡಕು. ಕಳುಹಿಸಿದವರ ಜಾಗದಲ್ಲಿ ಪ್ರೋಗ್ರಾಮು ಬೆಳೆಗಾರನ ವಿಳಾಸವನ್ನೇ ಹಾಕಿದರೆ, ಬೇರೆಯವರ ಹೆಸರಿನಲ್ಲಿ ಬಂದ ಕಾಗದವೆಂಬ ಸಂಶಯದಿಂದ ಅದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಅಲ್ಲಿ ಜಾಲತಾಣದ ಸ್ವಂತ ವಿಳಾಸವಿರಲಿ; ಬೆಳೆಗಾರನ ವಿಳಾಸ ಉತ್ತರ ಹೋಗಬೇಕಾದ ಜಾಗದಲ್ಲಿರಲಿ.

ಇಷ್ಟನ್ನು ನೋಡಿದರೆ ಇ-ಮೇಲನ್ನೇ ದಫ್ತರವೆಂದು ನಂಬುವುದು ನಮಗೆ ಸರಿಕಾಣದು. ಫೈಲನ್ನು ಮೊದಲು ಹೊರಗಿನವರು ತೆರೆಯಲಾಗದ ಜಾಗದಲ್ಲಿ ಎತ್ತಿಟ್ಟು, ನಂಬರು ಹಾಕಿ, ಆಮೇಲೆ ಇ-ಮೇಲ್ ಹೊರಡಿಸಬೇಕು. ಅದು ದಾರಿ ತಪ್ಪಿದರೂ ಪ್ರತಿ ಉಳಿದಿರುತ್ತದೆ. ಹೆಸರು ನೋಡಿ ಫೈಲನ್ನು ಒಳಕ್ಕೆ ಬಿಡುವುದೂ ಸಲ್ಲದು. ‘ಪಹಣಿ’ ಎಂಬ ಹೆಸರಿನೊಳಗೆ ವೈರಸ್ಸೂ ಇರಬಹುದಾದ್ದರಿಂದ, ಒಳಗಿರುವುದು ನಿಜಕ್ಕೂ ಚಿತ್ರವೋ ಪಿ.ಡಿ.ಎಫೋ ಎಂದು ಪರೀಕ್ಷಿಸಬೇಕು. ಬೆಳೆಗಾರನಿಗೆ ಕೊಡುವ ಸ್ವೀಕೃತಿಯಲ್ಲಿ ಅರ್ಜಿಯ ನಂಬರು, ಬಂದ ಫೈಲುಗಳೆಷ್ಟು, ಒಂದೊಂದರ ಗಾತ್ರವೆಷ್ಟು ಎಂಬುದು ಇರಲೇಬೇಕು. ಹಿಂದೆ ರಿಜಿಸ್ಟರ್ಡ್ ಅಂಚೆಯ ಚೀಟಿಯನ್ನು ಜೋಪಾನ ಮಾಡುತ್ತಿದ್ದೆವಲ್ಲ, ಇದನ್ನೂ ಹಾಗೆಯೇ ಇಟ್ಟುಕೊಳ್ಳತಕ್ಕದ್ದು. ಜಾಲತಾಣ ಮಾಡಿಸುವ ಸಂಘಗಳು ಹಣ ಪಾವತಿಸುವ ಮುನ್ನ ಬೇಕೆಂದೇ ಭಾರೀ ಫೋಟೋಗಳನ್ನು ಕಳುಹಿಸಿ, ಏನು ಉತ್ತರ ಬರುತ್ತದೆಂದು ನೋಡಲಿ.

ಸದಸ್ಯರು ಫೋಟೋದ ಗಾತ್ರವನ್ನು ಮೊಬೈಲಿನಲ್ಲೇ ತಗ್ಗಿಸಿ ಕಳುಹಿಸಬಹುದು. ಕಾಯಿಯ ಮೇಲಿನ ಕೊಳೆ ಗುರುತಿಸಲು 1 ಎಂ.ಬಿ. ಧಾರಾಳ. ನಂಬರು ಕಾಣುವವರೆಗೆ ಪರದೆಯನ್ನು ಮುಚ್ಚಬೇಡಿ. ನಂಬರು ಬಾರದಿದ್ದರೆ ಕೊನೆಯ ದಿನಕ್ಕೆ ಕಾಯದೆ ಕಚೇರಿಗೆ ಫೋನು ಮಾಡಿ. ಆಧಾರ್ ಕೇಳಿದಲ್ಲಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.